ಅಂಗಾಂಗ ಕಸಿ: ಕೊಡುವವರು ಯಾರು, ಪಡೆಯುವವರು ಯಾರು?

ಕಸಿ ಎಂಬ ಮಾತು ನಮಗೆ ತೋಟದಿಂದ ಬಂದದ್ದು. ಕಾಡುಮಾವಿನ ಗಿಡದ ಕಾಂಡವನ್ನು ಓರೆಯಾಗಿ ಕೊಯ್ದು, ಒಳ್ಳೆಯ ಜಾತಿಯ ಮಾವಿನ ಕುಡಿಯನ್ನು ಅದಕ್ಕೆ ಕೂಡಿಸಿ, ನಾರಿನಿಂದ ಬಿಗಿದು ಬಿಟ್ಟರೆ ಕೆಲವು ವಾರಗಳಲ್ಲಿ ಎರಡೂ ಒಂದಾಗುತ್ತವೆ. ಬೇರು ಒಂದರದು, ಹಣ್ಣು ಇನ್ನೊಂದರದು. ಗಿಡ ತಕರಾರು ಮಾಡುವುದಿಲ್ಲ. ಮನುಷ್ಯನ ದೇಹದ ಸ್ವಭಾವ ಇದಕ್ಕೆ ನೇರ ವಿರುದ್ಧ. ಹೊರಗಿನಿಂದ ಬಂದದ್ದು ಯಾವುದೇ ಇರಲಿ, ಅದು ತನ್ನನ್ನು ಉಳಿಸಲೆಂದೇ ಬಂದದ್ದಾಗಿದ್ದರೂ ಸರಿ, ಅದನ್ನು ಹೊರದಬ್ಬುವವರೆಗೆ ದೇಹಕ್ಕೆ ಸಮಾಧಾನವಿಲ್ಲ. ಈ ಹಟವನ್ನು ಮಣಿಸಲು ವೈದ್ಯಶಾಸ್ತ್ರಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಮಣಿಸಿದ ಮೇಲೆ ಹುಟ್ಟಿಕೊಂಡ ಪ್ರಶ್ನೆಗಳೇ ಬೇರೆ. ಅವು ಇನ್ನೂ ಮುಗಿದಿಲ್ಲ.

ಗಣಪತಿಗೆ ಆನೆಯ ತಲೆ ಕೂರಿಸಿದ ಕಥೆಯನ್ನು ಮುಂದಿಟ್ಟು ಈ ವಿದ್ಯೆ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರಿದ್ದಾರೆ. ಕಥೆಯನ್ನು ಕಥೆಯಾಗಿ ಇರಲು ಬಿಡುವುದು ಕಥೆಗೂ ಕ್ಷೇಮ. ನಿಜಕ್ಕೂ ನಮ್ಮಲ್ಲಿದ್ದದ್ದು, ಜಗತ್ತು ನಮ್ಮಿಂದ ಕಲಿತದ್ದು, ಮೂಗಿನ ಶಸ್ತ್ರಚಿಕಿತ್ಸೆ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಒಂದು ಪತ್ರವನ್ನು ಚಿತ್ರಸಮೇತ ಪ್ರಕಟಿಸಿತು. ಕಾವಸಜಿ ಎಂಬ ಮರಾಠ ರೈತ 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದವನು. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡವನು. ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಇವನ ಹಣೆಯ ಚರ್ಮವನ್ನು ಮೇಣದ ಅಚ್ಚಿನ ಅಳತೆಗೆ ಕೊಯ್ದು, ಬುಡ ಕತ್ತರಿಸದೆ ಕೆಳಕ್ಕೆ ತಿರುಗಿಸಿ, ಹೊಸ ಮೂಗು ಕಟ್ಟಿಕೊಟ್ಟ. ಆ ವರದಿಯನ್ನು ಓದಿದ ಲಂಡನ್ನಿನ ವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಕ್ರಮವನ್ನು ಅಲ್ಲಿ ಮಾಡಿ ತೋರಿಸಿದ. ಅದು ಯಶಸ್ವಿಯಾದದ್ದಕ್ಕೆ ಕಾರಣ, ಚರ್ಮ ರೋಗಿಯದೇ ಆಗಿತ್ತು ಎಂಬುದು. ಪಕ್ಕದ ಮನೆಯವನ ಹಣೆಯಿಂದ ತೆಗೆದಿದ್ದರೆ ಎರಡು ವಾರದೊಳಗೆ ಕೊಳೆತು ಉದುರುತ್ತಿತ್ತು.

ಒಳಗಿನ ಅಂಗಗಳ ಮಟ್ಟಿಗೆ ಮೊದಲ ತೊಡಕು ಇನ್ನೂ ಸರಳವಾದದ್ದು: ರಕ್ತನಾಳಗಳನ್ನು ಹೊಲಿಯುವುದು ಹೇಗೆ? 1894ರ ಜೂನ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋಗೆ ಲಿಯೋನ್ ನಗರದಲ್ಲಿ ಒಬ್ಬ ಇರಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ತುಂಡಾಗಿತ್ತು. ದೇಶದ ಅಧ್ಯಕ್ಷನೇ ಆದರೂ ಆ ನಾಳವನ್ನು ಹೊಲಿಯಲು ಅಂದಿನ ವೈದ್ಯರಿಗೆ ಬರುತ್ತಿರಲಿಲ್ಲ. ರಕ್ತ ಸುರಿದು ಆತ ತೀರಿಕೊಂಡ. ಅದೇ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ಬಹಳವಾಗಿ ನಾಟಿತು. ಲಿಯೋನ್ ರೇಷ್ಮೆಯ ಊರು. ಅಲ್ಲಿನ ಕಸೂತಿ ಮಾಡುವ ಮಹಿಳೆಯೊಬ್ಬಳ ಬಳಿ ಹೋಗಿ ಆತ ನಯವಾದ ಸೂಜಿಯಲ್ಲಿ ಎಳೆಯಂಥ ರೇಷ್ಮೆದಾರವನ್ನು ಆಡಿಸುವುದನ್ನು ಕಲಿತ. ನಾಳದ ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದು ಹಿಡಿದರೆ ದುಂಡಗಿನ ಬಾಯಿ ತ್ರಿಕೋನವಾಗುತ್ತದೆ, ಆಗ ಪ್ರತಿ ಅಂಚನ್ನೂ ನೆಟ್ಟಗೆ ಹೊಲಿಯಬಹುದು. ಇದು ಅವನ ಉಪಾಯ. 1902ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 1912ರಲ್ಲಿ ನೊಬೆಲ್ ಬಂತು. (ಮುಂದೆ ಈ ಮನುಷ್ಯ ‘ಹೀನ’ ಮನುಷ್ಯರನ್ನು ನಿವಾರಿಸಬೇಕೆಂಬ ವಾದಕ್ಕೆ ಇಳಿದು ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡ. ಒಳ್ಳೆಯ ಕೈಯ ಜೊತೆಗೆ ಒಳ್ಳೆಯ ತಲೆ ಬರಲೇಬೇಕೆಂದಿಲ್ಲ.)

ಕ್ಯಾರೆಲ್ ನಾಯಿಯ ಮೂತ್ರಪಿಂಡವನ್ನು ತೆಗೆದು ಅದೇ ನಾಯಿಗೆ ಬೇರೆ ಕಡೆ ಜೋಡಿಸಿದರೆ ಅದು ಕೆಲಸ ಮಾಡುತ್ತಿತ್ತು. ಇನ್ನೊಂದು ನಾಯಿಗೆ ಜೋಡಿಸಿದರೆ ಕೆಲವು ದಿನಗಳಲ್ಲಿ ಕೆಟ್ಟುಹೋಗುತ್ತಿತ್ತು. ಹೊಲಿಗೆಯಲ್ಲಿ ದೋಷವಿರಲಿಲ್ಲ. 1933ರಲ್ಲಿ ಉಕ್ರೇನಿನ ಯೂರಿ ವೊರೊನೊಯ್ ಸತ್ತವನೊಬ್ಬನ ಮೂತ್ರಪಿಂಡವನ್ನು ಮೊದಲ ಬಾರಿಗೆ ಮನುಷ್ಯನಿಗೆ ಜೋಡಿಸಿದಾಗ ರೋಗಿ ಬದುಕಿದ್ದು ಎರಡು ದಿನ. 1952ರ ಕ್ರಿಸ್ಮಸ್ ಹೊತ್ತಿನಲ್ಲಿ ಪ್ಯಾರಿಸ್‌ನಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಕೆಲಸದ ಅಟ್ಟಣೆಯಿಂದ ಬಿದ್ದ. ಒಡೆದುಹೋದ ಮೂತ್ರಪಿಂಡವನ್ನು ತೆಗೆದ ಮೇಲೆಯೇ ಅವನಿಗೆ ಹುಟ್ಟಿನಿಂದ ಇದ್ದದ್ದು ಅದೊಂದೇ ಎಂದು ವೈದ್ಯರಿಗೆ ತಿಳಿದದ್ದು. ತಾಯಿ ತನ್ನದನ್ನು ಕೊಟ್ಟಳು. ಅದು ಮೂರು ವಾರ ಚೆನ್ನಾಗಿ ನಡೆಯಿತು, ಆಮೇಲೆ ನಿಂತಿತು. ತಾಯಿಯ ಅಂಗವನ್ನೂ ಮಗನ ದೇಹ ಪರಕೀಯವೆಂದೇ ಎಣಿಸಿತ್ತು.

ಇದೇಕೆ ಹೀಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಸುಟ್ಟಗಾಯಗಳ ವಾರ್ಡಿನಲ್ಲಿ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಗ್ಲಾಸ್ಗೋದಲ್ಲಿ ಮೈ ಸುಟ್ಟುಕೊಂಡ ಹೆಂಗಸೊಬ್ಬಳಿಗೆ ಅವಳ ಅಣ್ಣತಮ್ಮನ ಚರ್ಮದ ಚೂರುಗಳನ್ನು ಅಂಟಿಸಲಾಯಿತು. ಅವು ಕೆಲ ದಿನ ನಿಂತು ಉದುರಿದವು. ಎರಡನೆಯ ಬಾರಿ ಅದೇ ದಾನಿಯ ಚರ್ಮ ಹಾಕಿದಾಗ ಇನ್ನೂ ಬೇಗ ಉದುರಿದವು. ಇದನ್ನು ಗಮನಿಸಿದ ಪೀಟರ್ ಮೆಡವಾರ್ ಮತ್ತು ಥಾಮಸ್ ಗಿಬ್ಸನ್ 1943ರಲ್ಲಿ ಬರೆದದ್ದರ ಸಾರ ಇಷ್ಟು: ದೇಹಕ್ಕೆ ನೆನಪಿದೆ. ಸಿಡುಬು ಒಮ್ಮೆ ಬಂದವರಿಗೆ ಮತ್ತೆ ಬರದಂತೆ ಕಾಯುವ ರೋಗನಿರೋಧಕ ಶಕ್ತಿಯೇ, ಪರರ ಅಂಗವನ್ನೂ ರೋಗಾಣುವಿನಂತೆ ಗುರುತಿಟ್ಟುಕೊಂಡು ಕೊಲ್ಲುತ್ತದೆ. ಹಾಗಿದ್ದರೆ ದೇಹಕ್ಕೆ ವ್ಯತ್ಯಾಸವೇ ತಿಳಿಯದಿರುವ ದಾನಿ ಸಿಕ್ಕರೆ? 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅದನ್ನೇ ಮಾಡಿದರು. ರಿಚರ್ಡ್ ಮತ್ತು ರೊನಾಲ್ಡ್ ಹೆರಿಕ್ ತದ್ರೂಪಿ ಅವಳಿಗಳು, ವಯಸ್ಸು 23. ಇಬ್ಬರೂ ಒಂದೇ ಅಂಡದಿಂದ ಬಂದವರೇ ಎಂದು ಖಾತ್ರಿಪಡಿಸಿಕೊಳ್ಳಲು ಬೆರಳಚ್ಚನ್ನೂ ತೆಗೆಸಿದ್ದರು. ರೊನಾಲ್ಡನ ಮೂತ್ರಪಿಂಡ ರಿಚರ್ಡನೊಳಗೆ ಎಂಟು ವರ್ಷ ನಡೆಯಿತು. ಆತ ಆಸ್ಪತ್ರೆಯಲ್ಲಿ ತನ್ನನ್ನು ನೋಡಿಕೊಂಡ ನರ್ಸನ್ನೇ ಮದುವೆಯಾಗಿ ಮಕ್ಕಳನ್ನೂ ಪಡೆದ. ಒಂದೇ ಮೂತ್ರಪಿಂಡದಲ್ಲಿ ಉಳಿದ ರೊನಾಲ್ಡ್ 2010ರವರೆಗೆ, 79 ವರ್ಷ ಬದುಕಿದ್ದ.

ಆದರೆ ಎಲ್ಲರಿಗೂ ಅವಳಿ ಎಲ್ಲಿಂದ ಬರಬೇಕು? ಉಳಿದ ದಾರಿ, ದೇಹದ ಕಾವಲನ್ನು ಸ್ವಲ್ಪ ಸಡಿಲಿಸುವುದು. ಕ್ಯಾನ್ಸರಿಗೆಂದು ಔಷಧ ಹುಡುಕುತ್ತಿದ್ದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಬಂದ ಅಜಥಯೋಪ್ರಿನ್ 1962ರಿಂದ ಈ ಕೆಲಸಕ್ಕೆ ಒದಗಿತು. ಸಡಿಲಿಸುವುದರಲ್ಲಿ ಅಪಾಯವೂ ಇತ್ತು. ಕಾವಲು ಕಡಿಮೆಯಾದರೆ ಅಂಗ ಉಳಿಯುತ್ತದೆ, ಆದರೆ ಸಣ್ಣ ಸೋಂಕೂ ಜೀವ ತೆಗೆಯಬಲ್ಲದು. ಕಸಿ ವೈದ್ಯರು ಇಂದಿಗೂ ನಡೆಯುವುದು ಈ ಎರಡರ ನಡುವಿನ ಹಗ್ಗದ ಮೇಲೆಯೇ. ಹಗ್ಗ ಸ್ವಲ್ಪ ಅಗಲವಾದದ್ದು ಒಂದು ಚೀಲ ಮಣ್ಣಿನಿಂದ. ಸ್ವಿಟ್ಜರ್‌ಲೆಂಡಿನ ಸ್ಯಾಂಡೋಜ್ ಕಂಪನಿಯಲ್ಲಿ ಒಂದು ರೂಢಿಯಿತ್ತು: ರಜೆಗೆ ಹೋಗುವ ನೌಕರರು ಹೋದಲ್ಲಿಂದ ಒಂದಿಷ್ಟು ಮಣ್ಣು ತರಬೇಕು, ಅದರಲ್ಲಿರುವ ಶಿಲೀಂಧ್ರಗಳಲ್ಲಿ ಹೊಸ ಔಷಧವಿದೆಯೇ ಎಂದು ನೋಡಲು. 1969ರಲ್ಲಿ ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯಿಂದ ಬಂದ ಮಣ್ಣಿನಲ್ಲಿ ಸೈಕ್ಲೋಸ್ಪೊರಿನ್ ಸಿಕ್ಕಿತು. ಜೀನ್ ಬೊರೆಲ್ ಮತ್ತು ಸಂಗಡಿಗರು ಅದರ ಗುಣವನ್ನು ಗುರುತಿಸಿದರು. ಕೇಂಬ್ರಿಜ್‌ನ ರಾಯ್ ಕಾನ್ 1978ರಲ್ಲಿ ರೋಗಿಗಳಿಗೆ ಕೊಟ್ಟರು. 1983ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮೃತದಾನಿಯ ಮೂತ್ರಪಿಂಡ ಒಂದು ವರ್ಷ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಇದ್ದದ್ದು ನೂರಕ್ಕೆ ಎಂಬತ್ತರ ಆಸುಪಾಸಿಗೆ ಏರಿತು. ಯಕೃತ್ತು ಮತ್ತು ಹೃದಯದ ಕಸಿ ಸಾಹಸವೆನಿಸಿಕೊಳ್ಳುವುದನ್ನು ಬಿಟ್ಟು ಚಿಕಿತ್ಸೆಯಾದದ್ದು ಆಮೇಲೆ. ವಿಚಿತ್ರವೆಂದರೆ ಸೈಕ್ಲೋಸ್ಪೊರಿನ್‌ನ ಮುಖ್ಯ ದೋಷ, ಅದು ಮೂತ್ರಪಿಂಡಕ್ಕೇ ಹಾನಿ ಮಾಡುತ್ತದೆ ಎಂಬುದು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಟ್ಯಾಕ್ರೊಲಿಮಸ್ ಕೂಡ ಮಣ್ಣಿನದೇ ಮಗು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕಿದ್ದು.

ಮೂತ್ರಪಿಂಡ ಎರಡಿವೆ, ಒಂದನ್ನು ಕೊಡಬಹುದು. ಯಕೃತ್ತಿನ ತುಂಡನ್ನು ಕೊಟ್ಟರೂ ಅದು ಮತ್ತೆ ಬೆಳೆಯುತ್ತದೆ. ಹೃದಯ ಒಂದೇ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ರಸ್ತೆ ಅಪಘಾತದಲ್ಲಿ ಮಡಿದ ತರುಣಿಯೊಬ್ಬಳ ಹೃದಯವನ್ನು ಲೂಯಿ ವಾಶ್ಕಾನ್ಸ್ಕಿ ಎಂಬ ವ್ಯಾಪಾರಿಗೆ ಜೋಡಿಸಿದಾಗ ಜಗತ್ತೆಲ್ಲ ಬೆರಗಾಯಿತು. ರೋಗಿ ಬದುಕಿದ್ದು 18 ದಿನ. 1968ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ ಅವರೂ ಹೃದಯ ಕಸಿ ಮಾಡಿದರು. ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಆ ವರ್ಷ ಜಗತ್ತಿನಲ್ಲಿ ಸುಮಾರು ನೂರು ಹೃದಯ ಕಸಿಗಳು ನಡೆದು, ಬಹುತೇಕ ಎಲ್ಲರೂ ಸತ್ತು, ಹೆಚ್ಚಿನ ಆಸ್ಪತ್ರೆಗಳು ಕೈಬಿಟ್ಟವು. ಆದರೆ ಆಗಲೇ ಒಂದು ಪ್ರಶ್ನೆ ಎದ್ದು ನಿಂತಿತ್ತು. ಹೃದಯ ನಿಂತರೆ ಸಾವು ಎಂದು ಮನುಕುಲ ನಂಬಿಕೊಂಡು ಬಂದಿತ್ತಲ್ಲ. ಮಿಡಿಯುವ ಹೃದಯವನ್ನು ತೆಗೆಯಬೇಕಾದರೆ ಮನುಷ್ಯ ಸತ್ತದ್ದು ಯಾವಾಗ?

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮಲ್ಲಿ ಅನುಮಾನ ಹುಟ್ಟುವುದೇ ಇಲ್ಲಿ. ಉಸಿರಾಟವನ್ನು ನಡೆಸುವ ಕೇಂದ್ರ ಮಿದುಳಿನ ಬುಡದಲ್ಲಿದೆ, ಅದನ್ನು ಮಿದುಳುಕಾಂಡ ಎನ್ನುತ್ತಾರೆ. ಹೃದಯ ಹಾಗಲ್ಲ, ಅದಕ್ಕೆ ಮಿಡಿಯಲು ತನ್ನದೇ ಆದ ವಿದ್ಯುತ್ ಇದೆ. ಆಮ್ಲಜನಕ ಸಿಗುವವರೆಗೆ ಅದು ಮಿಡಿಯುತ್ತದೆ. ತಲೆಗೆ ಭಾರಿ ಪೆಟ್ಟು ಬಿದ್ದು ಮಿದುಳು ಬಾತರೆ ತಲೆಬುರುಡೆ ಹಿಗ್ಗುವುದಿಲ್ಲ; ಒತ್ತಡ ಏರಿ ಏರಿ ರಕ್ತ ಒಳಗೆ ಹೋಗುವುದೇ ನಿಲ್ಲುತ್ತದೆ, ಮಿದುಳು ಸಾಯುತ್ತದೆ. ಹಿಂದಿನ ಕಾಲದಲ್ಲಾದರೆ ಆ ಕ್ಷಣ ಉಸಿರು ನಿಂತು ನಿಮಿಷಗಳಲ್ಲಿ ಹೃದಯವೂ ನಿಲ್ಲುತ್ತಿತ್ತು. ವೆಂಟಿಲೇಟರ್ ಬಂದ ಮೇಲೆ ಉಸಿರನ್ನು ಯಂತ್ರ ನಡೆಸುತ್ತದೆ, ಹೃದಯ ಕೆಲವು ಗಂಟೆಯೋ ದಿನವೋ ಮಿಡಿಯುತ್ತದೆ, ಮೈ ಬೆಚ್ಚಗಿರುತ್ತದೆ. 1959ರಲ್ಲಿ ಫ್ರೆಂಚ್ ವೈದ್ಯರು ಈ ಸ್ಥಿತಿಯನ್ನು ಮೊದಲು ವರ್ಣಿಸಿದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ ಇದನ್ನು ಸಾವು ಎಂದೇ ಪರಿಗಣಿಸಲು ಮಾನದಂಡಗಳನ್ನು ಕೊಟ್ಟಿತು. ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿರುವವರ ಮಿದುಳುಕಾಂಡ ಜೀವಂತವಾಗಿರುತ್ತದೆ, ಕೆಲವರು ಎಚ್ಚರಗೊಳ್ಳುವುದೂ ಉಂಟು. ಮಿದುಳು ಸಾವು ಸಂಭವಿಸಿದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ನಮ್ಮ ಕಾನೂನಿನಂತೆ ಇದನ್ನು ಘೋಷಿಸಲು ನಾಲ್ವರು ವೈದ್ಯರ ಮಂಡಳಿ ಬೇಕು. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು, ಗಂಟಲನ್ನು ಕೆಣಕಿ, ಯಂತ್ರವನ್ನು ಕೆಲ ನಿಮಿಷ ಕಳಚಿ ತಾನಾಗಿ ಉಸಿರಾಡುವ ಯತ್ನವೇನಾದರೂ ಇದೆಯೇ ಎಂದು ನೋಡುವ ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕು.

ಇಷ್ಟಾದರೂ ಎದೆ ಏರಿಳಿಯುತ್ತಿರುವ ಮಗನನ್ನು ತೋರಿಸಿ ‘ಈತ ಸತ್ತಿದ್ದಾನೆ’ ಎಂದರೆ ಒಪ್ಪಿಕೊಳ್ಳುವುದು ಯಾವ ತಾಯಿಗೂ ಸುಲಭವಲ್ಲ. ಆ ಮಾತನ್ನು ನಂಬಬೇಕಾದರೆ ಹೇಳುವವನನ್ನು ನಂಬಬೇಕು. ನಂಬಿಕೆ ಒಮ್ಮೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಸಾಕ್ಷಿ. 1968ರ ಆಗಸ್ಟ್‌ನಲ್ಲಿ ಸಪ್ಪೊರೊ ನಗರದಲ್ಲಿ ಜುರೊ ವಾಡಾ ಮಾಡಿದ ಹೃದಯ ಕಸಿಯ ಬಗ್ಗೆ, ದಾನಿ ನಿಜಕ್ಕೂ ಸತ್ತಿದ್ದನೇ, ರೋಗಿಗೆ ನಿಜಕ್ಕೂ ಹೊಸ ಹೃದಯ ಬೇಕಿತ್ತೇ ಎಂಬ ಅನುಮಾನ ಎದ್ದು ಕೊಲೆ ಆರೋಪದ ತನಿಖೆಯೇ ನಡೆಯಿತು. ಮೊಕದ್ದಮೆ ಹೂಡಲಿಲ್ಲ ನಿಜ. ಆದರೆ ಅಷ್ಟು ಮುಂದುವರಿದ ದೇಶದಲ್ಲಿ ಮಿದುಳು ಸಾವನ್ನು ಒಪ್ಪಿ ಕಸಿಗೆ ದಾರಿ ಮಾಡುವ ಕಾನೂನು ಬಂದದ್ದು 1997ರಲ್ಲಿ. ಮುಂದಿನ ಹೃದಯ ಕಸಿ ನಡೆದದ್ದು 1999ರಲ್ಲಿ. ಒಬ್ಬ ವೈದ್ಯನ ಆತುರಕ್ಕೆ ಮೂವತ್ತು ವರ್ಷದ ರೋಗಿಗಳು ಬೆಲೆ ತೆತ್ತರು.

ನಮ್ಮಲ್ಲಿ ನಂಬಿಕೆ ಮುರಿದದ್ದು ಬೇರೆ ರೀತಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. ಸೈಕ್ಲೋಸ್ಪೊರಿನ್ ಬಂದ ಮೇಲೆ ರಕ್ತಸಂಬಂಧವಿಲ್ಲದವರ ಮೂತ್ರಪಿಂಡವೂ ನಿಲ್ಲತೊಡಗಿತು. ವಿಜ್ಞಾನಕ್ಕೆ ಇದು ಗೆಲುವು, ದಲ್ಲಾಳಿಗಳಿಗೆ ಹಬ್ಬ. ತಮ್ಮನೋ ತಾಯಿಯೋ ಕೊಡಬೇಕಾಗಿಲ್ಲ ಎಂದಾದ ಮೇಲೆ, ಸಾಲದಲ್ಲಿ ಮುಳುಗಿದ ಯಾರಾದರೂ ಆದೀತು. ಮದರಾಸಿನ ವಿಲ್ಲಿವಾಕ್ಕಂ ಬಡಾವಣೆಯಲ್ಲಿ ಎಷ್ಟು ಜನ ಮಾರಿಕೊಂಡರೆಂದರೆ ಆ ಊರಿಗೆ ‘ಕಿಡ್ನಿವಾಕ್ಕಂ’ ಎಂಬ ಅಡ್ಡಹೆಸರೇ ಬಿತ್ತು. ಬೆಂಗಳೂರೂ ಹಿಂದೆ ಬೀಳಲಿಲ್ಲ. ಕೆಲಸ ಕೊಡಿಸುತ್ತೇವೆಂದು ಬಡವರನ್ನು ಕರೆತಂದು ಮೂತ್ರಪಿಂಡ ತೆಗೆದ ಹಗರಣ 1995ರ ಆರಂಭದಲ್ಲಿ ಇಲ್ಲಿಯೇ ಬಯಲಾಗಿ ಪತ್ರಿಕೆಗಳ ಮುಖಪುಟ ತುಂಬಿತು.

ಮಾರುವವನ ಕಷ್ಟ ಅದರಿಂದ ತೀರುತ್ತದೆಯಲ್ಲ, ಕೊಳ್ಳುವವನ ಜೀವವೂ ಉಳಿಯುತ್ತದೆಯಲ್ಲ, ತಪ್ಪೇನು ಎಂದು ವಾದಿಸುವ ಬುದ್ಧಿವಂತರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ಉತ್ತರ ಚೆನ್ನೈನಿಂದಲೇ ಬಂತು. 2001ರಲ್ಲಿ ಸಂಶೋಧಕರು ಅಲ್ಲಿ ಮೂತ್ರಪಿಂಡ ಮಾರಿಕೊಂಡಿದ್ದ 305 ಮಂದಿಯನ್ನು ಹುಡುಕಿ ಮಾತನಾಡಿಸಿದರು. ಮರುವರ್ಷ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ನೂರಕ್ಕೆ 74 ಮಂದಿಗೆ ಆಮೇಲೂ ಸಾಲ ಹಾಗೆಯೇ ಇತ್ತು. ಶಸ್ತ್ರಚಿಕಿತ್ಸೆಯ ನಂತರ ಕುಟುಂಬದ ವರಮಾನ ಸರಾಸರಿ ಮೂರನೇ ಒಂದರಷ್ಟು ಇಳಿದಿತ್ತು. ಕೂಲಿಯವನ ಮೈಯೇ ಬಂಡವಾಳವಾದಾಗ ಅದನ್ನು ಕೊಯ್ದರೆ ಕೂಲಿ ಇಳಿಯದೆ ಇನ್ನೇನಾದೀತು? ನೀವು ಬೇರೆಯವರಿಗೂ ಮಾರಲು ಹೇಳುತ್ತೀರಾ ಎಂದರೆ ನೂರಕ್ಕೆ 79 ಮಂದಿ ಬೇಡವೆಂದರು.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಈ ಹಿನ್ನೆಲೆಯಲ್ಲಿ ಹುಟ್ಟಿದ್ದು. ಅದು ಎರಡು ಕೆಲಸ ಮಾಡಿತು. ಅಂಗ ಮಾರಾಟವನ್ನು ಅಪರಾಧ ಎಂದಿತು. ಮಿದುಳು ಸಾವನ್ನು ಕಸಿಯ ಮಟ್ಟಿಗೆ ಸಾವೆಂದು ಒಪ್ಪಿತು. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿಯನ್ನು ಮಾಡಿದರು. 1998ರಲ್ಲಿ ದೆಹಲಿಯಲ್ಲೇ ಎರಡು ವರ್ಷವೂ ತುಂಬದ ಕಾಂಚೀಪುರದ ಮಗುವಿಗೆ ತಂದೆಯ ಯಕೃತ್ತಿನ ಭಾಗವನ್ನು ಜೋಡಿಸಲಾಯಿತು. ಆ ಮಗು ಬೆಳೆದು ಈಗ ಸ್ವತಃ ವೈದ್ಯನಾಗಿದ್ದಾನೆ.

ಕಾಯ್ದೆ ಬಂದದ್ದರಿಂದ ಮಾರಾಟ ಪೂರ್ತಿ ನಿಂತಿತೆಂದು ಹೇಳಲಾಗದು. ದಲ್ಲಾಳಿ ಕಾಗದಪತ್ರದಲ್ಲಿ ಭಾವನೋ ಮೈದುನನೋ ಆದ. ಆದರೆ ನನಗೆ ಹೆಚ್ಚು ಕಾಡುವುದು ಕಾನೂನುಬದ್ಧವಾಗಿಯೇ ನಡೆಯುವ ಇನ್ನೊಂದು ಸಂಗತಿ. ಜೀವಂತ ದಾನಿ ಹತ್ತಿರದ ಬಂಧುವಾಗಿರಬೇಕು ಎಂದರೆ ಮನೆಯೊಳಗೆ ಕೊಡುವವರು ಯಾರು? 2023ರಲ್ಲಿ ದೇಶದ ಜೀವಂತ ದಾನಿಗಳಲ್ಲಿ ನೂರಕ್ಕೆ ಸುಮಾರು 63 ಮಂದಿ ಹೆಂಗಸರು. ಪಡೆಯುವವರ ಲೆಕ್ಕ ನೋಡಿ: 1995ರಿಂದ 2021ರವರೆಗೆ ರಾಷ್ಟ್ರೀಯ ಸಂಸ್ಥೆಯ ದಾಖಲೆಗೆ ಸಿಕ್ಕ 36,640 ಕಸಿಗಳಲ್ಲಿ 29,000ಕ್ಕೂ ಹೆಚ್ಚು ಗಂಡಸರಿಗೆ, 6,945 ಹೆಂಗಸರಿಗೆ. ಗಂಡಸರಲ್ಲಿ ಕೆಲವು ರೋಗಗಳು ಹೆಚ್ಚು ಎಂಬುದನ್ನು ಒಪ್ಪಿದರೂ ಇಷ್ಟು ಅಂತರಕ್ಕೆ ಅದು ಸಾಲದು. ಗಂಡ ದುಡಿಯುವವನು, ಅವನು ಉಳಿಯಬೇಕು. ಮಗನಿಗೆ ಮುಂದೆ ಬದುಕಿದೆ, ಅವನು ಕೊಡಬಾರದು. ಈ ತರ್ಕ ನಮಗೆಲ್ಲ ಗೊತ್ತಿರುವಂಥದ್ದೇ. ಮನೆಯಲ್ಲಿ ಕೊನೆಗೆ ಉಣ್ಣುವವಳು ಆಪರೇಷನ್ ಟೇಬಲಿನ ಮೇಲೆ ಮೊದಲು ಮಲಗುತ್ತಾಳೆ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಂಸ್ಥೆ, ಮೃತದಾನಿಯ ಅಂಗಗಳಿಗೆ ಕಾಯುವ ಪಟ್ಟಿಯಲ್ಲಿ ಹೆಂಗಸರಿಗೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಸಲಹೆ ನೀಡಿತು. ಪಟ್ಟಿಗೆ ಹೆಸರು ಬರೆಸಲು ಅವಳನ್ನು ಯಾರಾದರೂ ಆಸ್ಪತ್ರೆಗೆ ಕರೆದೊಯ್ಯಬೇಕಲ್ಲ ಎಂಬುದು ಬೇರೆ ಮಾತು.

ಪಟ್ಟಿ ಎಂದೊಡನೆ ಸಿಯಾಟಲ್ ನೆನಪಾಗುತ್ತದೆ. 1962ರಲ್ಲಿ ಅಮೆರಿಕದ ಆ ಊರಿನಲ್ಲಿ ಡಯಾಲಿಸಿಸ್ ಕೇಂದ್ರ ಆರಂಭವಾದಾಗ ಯಂತ್ರಗಳು ಬೆರಳೆಣಿಕೆಯಷ್ಟು, ಸಾಯುತ್ತಿದ್ದವರು ನೂರಾರು. ಯಾರಿಗೆ ಯಂತ್ರ ಎಂದು ತೀರ್ಮಾನಿಸಲು ಏಳು ಜನ ಸಾಮಾನ್ಯ ನಾಗರಿಕರ ಸಮಿತಿ ಮಾಡಿದರು. ಅವರು ಮದುವೆ, ಮಕ್ಕಳು, ಉದ್ಯೋಗ, ಆಸ್ತಿ, ಚರ್ಚಿಗೆ ಹೋಗುವ ಅಭ್ಯಾಸ ಎಲ್ಲವನ್ನೂ ತೂಗಿ ನೋಡಿದರು. ‘ಲೈಫ್’ ಪತ್ರಿಕೆ ಇದನ್ನು ಹೊರಹಾಕಿದಾಗ ದೊಡ್ಡ ಕೋಲಾಹಲವಾಯಿತು. ಇಂದು ಕಾಯುವ ಪಟ್ಟಿಗಳಲ್ಲಿ ರಕ್ತದ ಗುಂಪು, ಡಯಾಲಿಸಿಸ್ ಮೇಲಿರುವ ಅವಧಿ, ರೋಗದ ತೀವ್ರತೆ ಇಂಥವಕ್ಕೆ ಮಾತ್ರ ಲೆಕ್ಕವಿರುವುದು ಆ ಪಾಠದಿಂದ. ಕರ್ನಾಟಕದಲ್ಲಿ ಈ ಪಟ್ಟಿಯನ್ನು ನಿರ್ವಹಿಸುವ ವ್ಯವಸ್ಥೆ 2007ರಲ್ಲಿ ವಲಯ ಸಮನ್ವಯ ಸಮಿತಿ ಎಂಬ ಹೆಸರಿನಲ್ಲಿ ಆರಂಭವಾಯಿತು. ಈಗ ಅದು ‘ಜೀವಸಾರ್ಥಕತೆ’. ಅಂಗ ಯಾವ ಆಸ್ಪತ್ರೆಯಲ್ಲಿ ಸಿಕ್ಕಿತು, ಯಾರ ಸರದಿ ಎಂಬುದನ್ನು ಅಲ್ಲಿ ತೀರ್ಮಾನಿಸುತ್ತಾರೆ.

ದಾನದ ಕಲ್ಪನೆ ನಮ್ಮ ಕಡೆಯ ಜನರ ಮನಸ್ಸಿಗೆ ಇಳಿದದ್ದು 2008ರ ಸೆಪ್ಟೆಂಬರ್‌ನ ಒಂದು ಘಟನೆಯಿಂದ ಎನ್ನಲಡ್ಡಿಯಿಲ್ಲ. ಚೆನ್ನೈ ಬಳಿ ವೈದ್ಯ ದಂಪತಿಗಳ ಹದಿನೈದು ವರ್ಷದ ಮಗ ಬೈಕ್ ಅಪಘಾತಕ್ಕೆ ಸಿಕ್ಕಿದ. ಮಿದುಳು ಸತ್ತಿದೆ ಎಂಬುದು ತಾವೇ ವೈದ್ಯರಾದ ತಂದೆತಾಯಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರು ಅಂಗಗಳನ್ನು ಕೊಟ್ಟರು. ಪೊಲೀಸರು ರಸ್ತೆ ತೆರವು ಮಾಡಿ, ಮುಕ್ಕಾಲು ಗಂಟೆಯ ಹಾದಿಯನ್ನು ಹನ್ನೊಂದು ನಿಮಿಷದಲ್ಲಿ ದಾಟಿಸಿ ಹೃದಯವನ್ನು ಇನ್ನೊಂದು ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿ ಕಾಯುತ್ತಿದ್ದದ್ದು ಬೆಂಗಳೂರಿನ ಒಂಬತ್ತು ವರ್ಷದ ಹುಡುಗಿ. ಆಮೇಲೆ ತಮಿಳುನಾಡು ಸರ್ಕಾರ ಮೃತದಾನಿ ಯೋಜನೆಯನ್ನು ಬಿಗಿಯಾಗಿ ಕಟ್ಟಿತು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೃದಯವೊಂದು ಹೀಗೇ ತೆರವಾದ ರಸ್ತೆಯಲ್ಲಿ ವಿಮಾನ ನಿಲ್ದಾಣ ಸೇರಿ ಚೆನ್ನೈಗೆ ಹಾರಿತು. ಈ ಓಟಕ್ಕೆ ಕಾರಣವಿದೆ: ಮಂಜುಗಡ್ಡೆಯಲ್ಲಿಟ್ಟ ಹೃದಯ ನಾಲ್ಕರಿಂದ ಆರು ಗಂಟೆ ತಾಳುತ್ತದೆ, ಯಕೃತ್ತು ಹನ್ನೆರಡರವರೆಗೆ, ಮೂತ್ರಪಿಂಡ ಒಂದು ದಿನ ಅಥವಾ ಸ್ವಲ್ಪ ಹೆಚ್ಚು. ಬೆಂಗಳೂರಿನ ಸಂಚಾರ ದಟ್ಟಣೆಗೆ ಇದೆಲ್ಲ ಅರ್ಥವಾಗುವುದಿಲ್ಲವಾದ್ದರಿಂದ 2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿ ನಗರಕ್ಕೆ ಒಂದು ಯಕೃತ್ತು ನಮ್ಮ ಮೆಟ್ರೊದಲ್ಲಿ ಪ್ರಯಾಣ ಮಾಡಿತು.

ಕನ್ನಡಿಗರಿಗೆ ನೇತ್ರದಾನ ಹೊಸದಲ್ಲ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ರಾಜಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ್ದು ಎಷ್ಟೋ ಮನೆಗಳಲ್ಲಿ ಆ ಮಾತು ಎತ್ತಿಸಿತು. ಕಣ್ಣಿನ ಪಾರದರ್ಶಕ ಪಟಲವನ್ನು ಹೃದಯ ನಿಂತ ಕೆಲವು ಗಂಟೆಗಳ ನಂತರವೂ ತೆಗೆಯಬಹುದು. ಅಂಗಾಂಗಗಳಿಗೆ ಆ ಸಾವಕಾಶವಿಲ್ಲ, ಮಿದುಳು ಸಾವೇ ಆಗಬೇಕು, ಅದೂ ಸಜ್ಜಾದ ಆಸ್ಪತ್ರೆಯಲ್ಲಿ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ನಟ, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಅವರ ಕುಟುಂಬ ಅವರ ಅಂಗಗಳನ್ನು ಕೊಟ್ಟಾಗ ಬಹಳ ಜನ ಮೊದಲ ಬಾರಿಗೆ ‘ಮಿದುಳು ಸಾವು’ ಎಂಬ ಮಾತನ್ನು ಕೇಳಿದರು.

ಈಗ ಅಂಕಿಅಂಶಗಳಿಗೆ ಬರೋಣ. 2013ರಲ್ಲಿ ದೇಶದಲ್ಲಿ 4,990 ಕಸಿಗಳು ನಡೆದಿದ್ದವು, 2023ರಲ್ಲಿ 18,378. ಸಂಖ್ಯೆ ದೊಡ್ಡದೇ. ಆದರೆ ಮೃತದಾನಿಗಳು ಆ ವರ್ಷ ಕೇವಲ 1,099. ತೆಲಂಗಾಣದಲ್ಲಿ 252, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ತಲಾ 178; ಹಲವು ರಾಜ್ಯಗಳ ಖಾತೆ ಬಹುತೇಕ ಖಾಲಿ. ಜನಸಂಖ್ಯೆಗೆ ಹೋಲಿಸಿದರೆ ಹತ್ತು ಲಕ್ಷಕ್ಕೆ ಒಬ್ಬ ದಾನಿಯೂ ಇಲ್ಲ. ಸ್ಪೇನಿನಲ್ಲಿ ಅದೇ ವರ್ಷ ಹತ್ತು ಲಕ್ಷಕ್ಕೆ 48ಕ್ಕಿಂತ ಹೆಚ್ಚು. ಅಲ್ಲಿ ‘ಬೇಡ’ ಎನ್ನದವರೆಲ್ಲ ದಾನಿಗಳೇ ಎಂಬ ಕಾನೂನು 1979ರಿಂದಲೂ ಇದೆ; ಆದರೂ ಹತ್ತು ವರ್ಷ ಅದರಿಂದ ಹೆಚ್ಚೇನೂ ಆಗಲಿಲ್ಲ. 1989ರಲ್ಲಿ ರಾಫೆಲ್ ಮಟೆಸಾಂಜ್ ಎಂಬ ವೈದ್ಯರ ನೇತೃತ್ವದಲ್ಲಿ ರಾಷ್ಟ್ರೀಯ ಸಂಸ್ಥೆ ಸ್ಥಾಪಿಸಿ, ಪ್ರತಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲೂ ಈ ಕೆಲಸಕ್ಕೆಂದೇ ತರಬೇತಾದ ಒಬ್ಬ ವೈದ್ಯರನ್ನು ಕೂರಿಸಿದ ಮೇಲೆ ಸಂಖ್ಯೆ ಏರಿದ್ದು. ಕುಟುಂಬದ ಜೊತೆ ಕುಳಿತು ನಿಧಾನವಾಗಿ ಮಾತನಾಡುವ ಒಬ್ಬ ಮನುಷ್ಯ ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ.

ನಮ್ಮಲ್ಲಿ ಕಸಿಯ ಬಹುಪಾಲು ಖಾಸಗಿ ಆಸ್ಪತ್ರೆಗಳಲ್ಲಿ, ಅದೂ ದೊಡ್ಡ ಊರುಗಳಲ್ಲಿ. ಕರ್ನಾಟಕದಲ್ಲಿ ಬೆಂಗಳೂರಿನಾಚೆ ಮೈಸೂರು, ಮಂಗಳೂರು, ಬೆಳಗಾವಿಗಳಲ್ಲೂ ನಡೆಯುತ್ತಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡಕ್ಕೆ ನೆಫ್ರೊ-ಯುರಾಲಜಿ ಸಂಸ್ಥೆ, ಯಕೃತ್ತಿಗೆ ಗ್ಯಾಸ್ಟ್ರೊಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಎಂಬ ಸರ್ಕಾರಿ ಸಂಸ್ಥೆಗಳಿವೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ನೆರವೂ ಇದೆ. 2023ರಲ್ಲಿ ಕೇಂದ್ರ ಸರ್ಕಾರ, ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಯಮ, 65 ವರ್ಷ ಮೀರಿದವರು ಹೆಸರು ಬರೆಸುವಂತಿಲ್ಲವೆಂಬ ಮಿತಿ, ಕೆಲವೆಡೆ ಇದ್ದ ನೋಂದಣಿ ಶುಲ್ಕ ಇವನ್ನೆಲ್ಲ ತೆಗೆಯುವಂತೆ ರಾಜ್ಯಗಳಿಗೆ ಹೇಳಿತು. ಒಳ್ಳೆಯದೇ. ಆದರೆ ಕಸಿಯ ಖರ್ಚು ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಗಿಯುವುದಿಲ್ಲ. ದೇಹದ ಕಾವಲನ್ನು ಸಡಿಲಿಸುವ ಮಾತ್ರೆಯನ್ನು ಅಂಗ ಇರುವವರೆಗೆ ದಿನಾ ನುಂಗಬೇಕು, ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಸಬೇಕು. ರಾಯಚೂರಿನ ಹಳ್ಳಿಯವನೊಬ್ಬ ಎರಡು ತಿಂಗಳು ಹಣವಿಲ್ಲದೆ ಮಾತ್ರೆ ಬಿಟ್ಟರೆ, ಅಷ್ಟೆಲ್ಲ ಕಷ್ಟಪಟ್ಟು ಬಂದ ಮೂತ್ರಪಿಂಡ ಸದ್ದಿಲ್ಲದೆ ಸಾಯುತ್ತದೆ. ಸರ್ಕಾರಿ ಯೋಜನೆಗಳನ್ನು ಅಳೆಯಬೇಕಾದದ್ದು ಉದ್ಘಾಟನೆಯ ದಿನದಿಂದಲ್ಲ, ಐದನೆಯ ವರ್ಷದ ಮಾತ್ರೆಯಿಂದ.

ಅಂಗಗಳ ಅಭಾವ ನೀಗಲು ಬೇರೆ ದಾರಿಗಳನ್ನೂ ಹುಡುಕುತ್ತಿದ್ದಾರೆ. ಹೆಂಡತಿಯ ರಕ್ತದ ಗುಂಪು ಗಂಡನಿಗೆ ಹೊಂದದಿದ್ದರೆ, ಅಂಥದೇ ಇನ್ನೊಂದು ಜೋಡಿಯನ್ನು ಹುಡುಕಿ ಅದಲುಬದಲು ಮಾಡುವುದಕ್ಕೆ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ತೆಗೆದ ಅಂಗವನ್ನು ಮಂಜಿನಲ್ಲಿಡುವ ಬದಲು ಬೆಚ್ಚಗಿನ ರಕ್ತ ಹರಿಸುವ ಯಂತ್ರಕ್ಕೆ ಜೋಡಿಸಿ, ದೇಹದ ಹೊರಗೇ ಕೆಲಸ ಮಾಡಿಸಿ ಪರೀಕ್ಷಿಸುವ ಕ್ರಮ ಬಂದಿದೆ. 2014ರಲ್ಲಿ ಸಿಡ್ನಿಯಲ್ಲಿ ನಿಂತುಹೋಗಿದ್ದ ಹೃದಯವನ್ನು ಹೀಗೆ ಮತ್ತೆ ಮಿಡಿಸಿ ಕಸಿ ಮಾಡಿದರು. ಇನ್ನು ಹಂದಿ. 1997ರಲ್ಲಿ ಗುವಾಹಟಿಯ ಬಳಿ ಧನೀರಾಮ್ ಬರುವಾ ಎಂಬ ವೈದ್ಯರು ಹಂದಿಯ ಹೃದಯವನ್ನು ಮನುಷ್ಯನಿಗೆ ಜೋಡಿಸಿ, ರೋಗಿ ಸತ್ತು, 1994ರ ಕಾಯ್ದೆಯಡಿಯಲ್ಲೇ ಜೈಲು ಸೇರಿದ್ದು ಹಳಬರಿಗೆ ನೆನಪಿರಬಹುದು. 2022ರಲ್ಲಿ ಅಮೆರಿಕದಲ್ಲಿ ಹತ್ತು ವಂಶವಾಹಿಗಳನ್ನು ಬದಲಿಸಿದ ಹಂದಿಯ ಹೃದಯ ಒಬ್ಬನಲ್ಲಿ ಎರಡು ತಿಂಗಳು ಮಿಡಿಯಿತು. 2025ರಲ್ಲಿ ಹಂದಿಯ ಮೂತ್ರಪಿಂಡ ಇನ್ನೊಬ್ಬನಲ್ಲಿ 271 ದಿನ ಕೆಲಸ ಮಾಡಿತು. ಬರುವಾ ಅವರಿಗೂ ಇವರಿಗೂ ಇರುವ ವ್ಯತ್ಯಾಸ, ನಡುವಿನ ಇಪ್ಪತ್ತೈದು ವರ್ಷಗಳ ವಂಶವಾಹಿ ವಿಜ್ಞಾನ ಮತ್ತು ಮುಂಚಿತವಾಗಿ ಕೇಳಿ ಪಡೆದ ಅನುಮತಿ.

ಸದ್ಯಕ್ಕಂತೂ ಅಂಗ ಬರಬೇಕಾದದ್ದು ಮನುಷ್ಯನಿಂದಲೇ. 2023ರ ಸೆಪ್ಟೆಂಬರ್‌ನಿಂದ ಆಧಾರ್ ಸಂಖ್ಯೆಯ ಮೂಲಕ ರಾಷ್ಟ್ರೀಯ ಸಂಸ್ಥೆಯಲ್ಲಿ ದಾನದ ಪ್ರತಿಜ್ಞೆಯನ್ನು ಮನೆಯಿಂದಲೇ ನೋಂದಾಯಿಸಬಹುದು. ಹಾಗೆ ಮಾಡಿದವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಪ್ರತಿಜ್ಞೆಯ ಕಾರ್ಡು ಜೇಬಿನಲ್ಲೇ ಇದ್ದರೂ ಆಸ್ಪತ್ರೆಯವರು ಕುಟುಂಬದ ಒಪ್ಪಿಗೆಯನ್ನು ಕೇಳುತ್ತಾರೆ. ಬೇಡವೆಂದರೆ ಅಂಗ ತೆಗೆಯುವುದಿಲ್ಲ. ಆ ರಾತ್ರಿ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಕುಳಿತು ಸಹಿ ಹಾಕಬೇಕಾದವರು ಹೆಂಡತಿಯೋ ತಂದೆಯೋ ದೊಡ್ಡ ಮಗನೋ. ಕಾರ್ಡಿನ ವಿಷಯ ಅವರಿಗೆ ಮೊದಲೇ ಗೊತ್ತಿರುವುದು ಬಹಳ ಕಡಿಮೆ.